ಹಬ್ಬದ ದಿನವೇ ಯಾಕೆ ತಲೆನೋವು?

ಕಡೂರು ಕಡೆಯ ಓದುಗರೊಬ್ಬರು ಕಳೆದ ತಿಂಗಳು ನಾಲ್ಕು ಪುಟದ ಕಾಗದ ಬರೆದಿದ್ದರು. ಮೂರೂವರೆ ಪುಟ ತಲೆನೋವಿನ ಚರಿತ್ರೆ, ಉಳಿದ ಅರ್ಧ ಪುಟದಲ್ಲಿ ಪ್ರಶ್ನೆ. "ವಾರವೆಲ್ಲ ಚೆನ್ನಾಗಿರ್ತೀನಿ ಡಾಕ್ಟ್ರೇ. ಶುಕ್ರವಾರ ಬಂದ್ರೆ, ಹಬ್ಬ ಬಂದ್ರೆ ತಲೆ ಸಿಡಿಯುತ್ತೆ. ವರಮಹಾಲಕ್ಷ್ಮಿ ಹಬ್ಬದ ದಿನ ಕಳಶದ ಮುಂದೆ ಕೂತಿದ್ದವಳು ಎದ್ದುಹೋಗಿ ವಾಂತಿ ಮಾಡ್ಕೊಂಡೆ. ನಮ್ಮತ್ತೆ ದೃಷ್ಟಿ ಅಂತಾರೆ, ನಮ್ಮೆಜಮಾನ್ರು ಪಿತ್ತ ಅಂತಾರೆ, ಮಗ ಸ್ಕ್ಯಾನಿಂಗ್ ಮಾಡಿಸೋಣ ಅಂತಾನೆ. ನೀವೇನಂತೀರಿ?"

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಸಕ್ಕರೆ ಕಾಯಿಲೆಯನ್ನು ಬಿಟ್ಟರೆ ತಲೆನೋವಿನವೇ ಹೆಚ್ಚು. ಎಲ್ಲರ ಪ್ರಶ್ನೆಯೂ ಸುತ್ತಿ ಬಳಸಿ ಒಂದೇ: ಯಾವುದರಿಂದ ಬರುತ್ತೆ? ಬದನೆಕಾಯಿಯೋ, ಹಲಸಿನ ಹಣ್ಣೋ, ಫ್ಯಾನಿನ ಗಾಳಿಯೋ, ಮೊಬೈಲೋ? ಊರಿಗೊಬ್ಬನೇ ಕಳ್ಳ, ಅವನನ್ನು ಹಿಡಿದು ಕಂಬಕ್ಕೆ ಕಟ್ಟಿದರೆ ಸಮಸ್ಯೆ ಮುಗಿಯಿತು ಎಂಬ ನಂಬಿಕೆ. ತಿಪಟೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ಅದಕ್ಕೂ ಹತ್ತು ವರ್ಷ ಮೊದಲಿನಿಂದ ಸ್ವಂತ ಮೈಗ್ರೇನ್ ಸಾಕಿಕೊಂಡಿದ್ದೇನೆ. ಈ ಎರಡು ಅನುಭವದ ಮೇಲೆ ಹೇಳುವುದಾದರೆ, ಕಳ್ಳ ಒಬ್ಬನಲ್ಲ. ಅಷ್ಟೇ ಅಲ್ಲ, ನಾವು ಕಳ್ಳ ಎಂದು ಹಿಡಿದು ತರುವವನು ಎಷ್ಟೋ ಸಲ ಕಳ್ಳನೇ ಅಲ್ಲ.

ಮೊದಲು, ನೀವು ಒಂಟಿಯಲ್ಲ ಎಂಬುದಕ್ಕೆ ಲೆಕ್ಕ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಂಡವೊಂದು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದೊಳಗಿನ 2,329 ಮಂದಿಯನ್ನು ಮಾತಾಡಿಸಿತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಕಂಡವರು ನೂರಕ್ಕೆ ಸುಮಾರು 64. ಅವರಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು. ಇಷ್ಟಾದರೆ ಬಿಡಿ, ತಲೆ ಇದ್ದವರಿಗೆ ತಲೆನೋವು ಎಂದುಬಿಡಬಹುದಿತ್ತು. ಆದರೆ ಮೈಗ್ರೇನ್ ಒಂದೇ ನೂರಕ್ಕೆ 25 ಜನರಲ್ಲಿ ಕಂಡಿತು, ಅಂದರೆ ನಾಲ್ವರಲ್ಲಿ ಒಬ್ಬರಿಗೆ. ತಿಂಗಳಲ್ಲಿ ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವಿನಲ್ಲೇ ಕಳೆಯುವವರು ನೂರಕ್ಕೆ ಮೂವರು. ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿಗೆ ಕೊಡುವ ಅಂದಾಜು ನೂರಕ್ಕೆ 40, ತಲೆಯೆಣಿಕೆಯಲ್ಲಿ 310 ಕೋಟಿ ಜನ.

ಆ ಅಧ್ಯಯನದಲ್ಲಿ ನನ್ನ ಗಮನ ಸೆಳೆದ ಸಂಗತಿ ಇನ್ನೊಂದಿದೆ. ಮೈಗ್ರೇನ್ ಪೇಟೆಯವರಿಗಿಂತ ಹಳ್ಳಿಯವರಲ್ಲಿ ಹೆಚ್ಚು. ತಲೆನೋವು ಎಂದರೆ ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರ ಕಾಯಿಲೆ ಎಂದು ಪತ್ರಿಕೆಗಳು ಬರೆಯುತ್ತಲೇ ಇರುತ್ತವೆ. ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರುವವರನ್ನು ನೋಡಿದರೆ ನಿಮ್ಹಾನ್ಸಿನ ಲೆಕ್ಕ ನನಗೆ ಆಶ್ಚರ್ಯ ತರುವುದಿಲ್ಲ. ಐದಕ್ಕೆ ಎದ್ದು, ಒಲೆ ಹಚ್ಚಿ, ಕೊಟ್ಟಿಗೆ ಬಳಿದು, ಮಕ್ಕಳನ್ನು ಕಳಿಸಿ, ಬಿಸಿಲೇರಿದ ಮೇಲೆ ಹನ್ನೊಂದಕ್ಕೆ ಮೊದಲ ತುತ್ತು ಬಾಯಿಗಿಡುವ ಹೆಂಗಸಿಗೆ ತಲೆನೋವು ಬರಲು ಕಂಪ್ಯೂಟರು ಬೇಕಿಲ್ಲ.

ತಲೆನೋವಿನ ಬಗೆಗಳನ್ನು ವೈದ್ಯರ ಪಟ್ಟಿಯಲ್ಲಿ ಎಣಿಸಿದರೆ 150 ದಾಟುತ್ತವೆ. ಅದು ನಿಮಗೆ ಬೇಡ, ದಿನನಿತ್ಯ ನನಗೂ ಬೇಡ. ಕ್ಲಿನಿಕ್ಕಿನಲ್ಲಿ ನಾನು ಮೊದಲು ನೋಡುವುದು ಕೈಯನ್ನು. "ಎಲ್ಲಿ ನೋವು?" ಎಂದಾಗ ಎರಡೂ ಕೈಗಳಿಂದ ರುಮಾಲು ಸುತ್ತಿದ ಹಾಗೆ ತಲೆ ಸುತ್ತ ತೋರಿಸಿದರೆ ಅದು ಬಹುಮಟ್ಟಿಗೆ ಬಿಗಿತದ ತಲೆನೋವು, ಇಂಗ್ಲಿಷಿನ ಟೆನ್ಷನ್ ಹೆಡೇಕ್. ಹಿಂಡಿದ ಹಾಗಿರುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ, ವಾಂತಿ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನರಿಗೆ ಇರುವುದು ಇದೇ. ಅಂಗೈಯಿಂದ ಒಂದು ಕಣ್ಣು, ಒಂದು ಕಪಾಲ ಮುಚ್ಚಿ ತೋರಿಸಿ, ಟ್ಯೂಬ್‌ಲೈಟಿನ ಕಡೆ ನೋಡಿ ಮುಖ ಕಿವುಚಿದರೆ ಮೈಗ್ರೇನ್. ಟಕಟಕ ಎಂದು ಬಡಿಯುತ್ತದೆ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ, ಹೊಟ್ಟೆ ತೊಳಸುತ್ತದೆ, ಬೆಳಕು ಬೇಡ, ಸದ್ದು ಬೇಡ, ಕುಕ್ಕರಿನ ಸೀಟಿ ಬೇಡವೇ ಬೇಡ. ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಇರಬಹುದು. ಅಪರೂಪಕ್ಕೊಬ್ಬರು ಕೂರದೆ ಅತ್ತಿಂದಿತ್ತ ಓಡಾಡುತ್ತ, ಒಂದೇ ಕಣ್ಣಲ್ಲಿ ನೀರು ಸುರಿಸುತ್ತ ಬರುತ್ತಾರೆ. ಕ್ಲಸ್ಟರ್ ಎಂಬ ಆ ಘೋರವಾದ ನೋವಿನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಮೈಗ್ರೇನಿಗೆ ನಮ್ಮಲ್ಲಿ ಅರೆತಲೆನೋವು ಎಂಬ ಒಳ್ಳೆಯ ಹೆಸರಿದೆ. ಆಯುರ್ವೇದದವರು ಅರ್ಧಾವಭೇದಕ ಎಂದರು. ಗ್ರೀಕರು ಹೆಮಿಕ್ರೇನಿಯ, ಅರ್ಧ ತಲೆಬುರುಡೆ ಎಂದರು. ಅದೇ ಶಬ್ದ ಸವೆದು ಸವೆದು ಮೈಗ್ರೇನ್ ಆಯಿತು. ಎರಡು ನಾಡಿನ ವೈದ್ಯರು ಒಂದೇ ಅರ್ಧವನ್ನು ಕಂಡಿದ್ದಾರೆ. ಆದರೆ ಹೆಸರನ್ನು ನಂಬಿ ಮೋಸಹೋಗುವವರೂ ಇದ್ದಾರೆ. ಎರಡೂ ಕಡೆ ನೋಯುವ ಮೈಗ್ರೇನ್ ಬೇಕಾದಷ್ಟಿದೆ.

ಇನ್ನೊಂದು ವಿಚಿತ್ರ: ಮಿದುಳಿಗೆ ನೋವೇ ಗೊತ್ತಾಗುವುದಿಲ್ಲ. ರೋಗಿ ಎಚ್ಚರವಿದ್ದು ಮಾತಾಡುತ್ತಿರುವಾಗಲೇ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವುದುಂಟು. ನೋಯುವುದು ಮಿದುಳನ್ನು ಸುತ್ತಿದ ಪೊರೆ, ಅದರ ರಕ್ತನಾಳಗಳು, ಕುತ್ತಿಗೆ ಮತ್ತು ನೆತ್ತಿಯ ಸ್ನಾಯುಗಳು. ಪೊರೆಯ ನೋವಿನ ಸುದ್ದಿಯನ್ನು ಒಳಗೆ ಮುಟ್ಟಿಸುವುದು ಹಣೆ, ಕೆನ್ನೆ, ದವಡೆಗೆ ಕವಲೊಡೆಯುವ ಟ್ರೈಜೆಮಿನಲ್ ನರ. ಮೈಗ್ರೇನಿನಲ್ಲಿ ಈ ನರದ ತುದಿಗಳು ಸಿಜಿಆರ್‌ಪಿ ಎಂಬ ವಸ್ತುವನ್ನು ಸುರಿಸುತ್ತವೆ, ರಕ್ತನಾಳಗಳು ಹಿಗ್ಗುತ್ತವೆ, ನೋವಿನ ನರಗಳು ಕೆರಳುತ್ತವೆ. ಇದನ್ನು ಬಿಡಿಸಿ ತೋರಿಸಿದ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ಮಿದುಳು ಸಂಶೋಧನೆಯ ದೊಡ್ಡ ಗೌರವವಾದ ಬ್ರೈನ್ ಪ್ರೈಜ್ ಸಿಕ್ಕಿತು. ಅತ್ತೆಯ ದೃಷ್ಟಿಗೂ ಯಜಮಾನರ ಪಿತ್ತಕ್ಕೂ ಇಲ್ಲಿ ಜಾಗವಿಲ್ಲ. ಪಿತ್ತ ಕಕ್ಕಿದ ಮೇಲೆ ಹಗುರವಾಗುತ್ತದೆ ಎಂಬ ಅನುಭವವೇನೋ ನಿಜ. ವಾಂತಿಯಾದ ಮೇಲೆ ಎಷ್ಟೋ ಜನರ ಮೈಗ್ರೇನ್ ಇಳಿಯುತ್ತದೆ. ಆದರೆ ವಾಂತಿ ತರಿಸಿದ್ದು ಹೊಟ್ಟೆಯಲ್ಲ, ತಲೆ.

ನನ್ನದೇ ಮೊದಲ ದೊಡ್ಡ ಮೈಗ್ರೇನ್ ಬಂದದ್ದು ಎರಡನೇ ವರ್ಷದ ಪರೀಕ್ಷೆ ಮುಗಿದ ಮರುದಿನ. ಪರೀಕ್ಷೆಯ ಹಿಂದಿನ ರಾತ್ರಿಯಲ್ಲ, ಮುಗಿಸಿ ಹತ್ತು ಗಂಟೆ ನಿದ್ದೆ ಹೊಡೆದು ಎದ್ದ ಮೇಲೆ. ಹಾಸ್ಟೆಲಿನ ನೋಟಿಸ್ ಬೋರ್ಡ್ ಓದುತ್ತಿದ್ದೆ, ಸಾಲಿನ ನಡುವಿನ ಅಕ್ಷರಗಳು ಇಲ್ಲವಾದವು. ಆ ಖಾಲಿಯ ಅಂಚಿಗೆ ಮಿರಮಿರ ಮಿನುಗುವ ಗೆರೆ, ಚಿತ್ರದುರ್ಗದ ಕೋಟೆಯ ತೆನೆಗಳ ಹಾಗೆ ಏರಿಳಿಯುವ ಗೆರೆ ಹುಟ್ಟಿ ನಿಧಾನವಾಗಿ ಬಲಕ್ಕೆ ಹರಡಿತು. ಕಣ್ಣು ಹೋಯಿತೆಂದೇ ಅಳತೊಡಗಿದೆ. ಇಪ್ಪತ್ತು ನಿಮಿಷಕ್ಕೆ ಗೆರೆ ಮಾಯ, ಆಮೇಲೆ ಶುರುವಾಯಿತು ಅಸಲಿ ನೋವು. ಪಾಶ್ಚಾತ್ಯ ವೈದ್ಯರೂ ಈ ಗೆರೆಯನ್ನು ಕೋಟೆಗೇ ಹೋಲಿಸಿದ್ದಾರೆಂದು ಓದಿದ್ದು ಎಷ್ಟೋ ವರ್ಷದ ಮೇಲೆ. ಕಾರ್ಲ್ ಲ್ಯಾಶ್ಲಿ ಎಂಬ ಅಮೆರಿಕದ ವಿಜ್ಞಾನಿ ತನ್ನ ಕಣ್ಣೆದುರಿನ ಗೆರೆ ಹರಡುವುದನ್ನು ಕಾಗದದ ಮೇಲೆ ಗುರುತಿಸಿಕೊಂಡು, ಮಿದುಳಿನ ಮೇಲೆ ಏನೋ ನಿಮಿಷಕ್ಕೆ ಮೂರು ಮಿಲಿಮೀಟರಿನಷ್ಟು ವೇಗದಲ್ಲಿ ತೆವಳುತ್ತಿದೆ ಎಂದು 1941ರಲ್ಲೇ ಲೆಕ್ಕ ಹಾಕಿದ್ದ. ಮೂರು ವರ್ಷದ ನಂತರ ಬ್ರೆಜಿಲ್‌ನ ಲೆಯಾವ್ ಅಂಥದೇ ಅಲೆಯನ್ನು ಪ್ರಾಣಿಗಳ ಮಿದುಳಿನಲ್ಲಿ ಕಂಡ. ಮೈಗ್ರೇನ್ ಇರುವ ಎಲ್ಲರಿಗೂ ಈ ಗೆರೆ ಕಾಣಿಸುವುದಿಲ್ಲ. ಕಾಣಿಸುವ ಹೆಂಗಸರು ಗರ್ಭನಿರೋಧಕ ಮಾತ್ರೆ ಶುರುಮಾಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು, ಯಾಕೆಂದರೆ ಈಸ್ಟ್ರೋಜನ್ ಇರುವ ಮಾತ್ರೆಗಳಿಂದ ಅವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಪರೀಕ್ಷೆ ಮುಗಿದ ಮೇಲೆ ಯಾಕೆ? ಇಲ್ಲಿಗೆ ಕಾಗದ ಬರೆದವರ ಪ್ರಶ್ನೆಗೆ ಬರೋಣ. ಮೈಗ್ರೇನ್ ಇರುವವರ ಮಿದುಳು ಬದಲಾವಣೆಯನ್ನು ಸಹಿಸುವುದಿಲ್ಲ. ಹೆಚ್ಚು ನಿದ್ದೆಯೂ ಆಗದು, ಕಡಿಮೆಯೂ ಆಗದು. ಒತ್ತಡವೂ ಆಗದು, ಒತ್ತಡ ತಟ್ಟನೆ ಇಳಿದರೂ ಆಗದು. ಇದನ್ನು ನಾನು ರೋಗಿಗಳಿಗೆ ಕೆರೆಯ ಕೋಡಿಯ ಲೆಕ್ಕದಲ್ಲಿ ಹೇಳುತ್ತೇನೆ. ಕೆರೆಗೆ ನಾಲ್ಕೈದು ಹಳ್ಳಗಳ ನೀರು ಬರುತ್ತದೆ. ಒಂದು ಹಳ್ಳ ತುಂಬಿ ಹರಿದ ಮಾತ್ರಕ್ಕೆ ಕೋಡಿ ಬೀಳುವುದಿಲ್ಲ. ಎಲ್ಲ ಹಳ್ಳಗಳೂ ಒಂದೇ ವಾರ ಬಂದರೆ ಕೊನೆಗೆ ಬಿದ್ದ ಸಣ್ಣ ಮಳೆಗೂ ಕೋಡಿ ಬೀಳುತ್ತದೆ, ಊರವರು ಆ ಸಣ್ಣ ಮಳೆಯನ್ನೇ ಕೊಂಡಾಡುತ್ತಾರೆ. ಕೋಡಿ ಎಷ್ಟು ಎತ್ತರದಲ್ಲಿದೆ ಎಂಬುದು ಹುಟ್ಟಿನಿಂದ ಬಂದದ್ದು. ಮೈಗ್ರೇನ್ ಮನೆತನದಲ್ಲಿ ಹರಿದು ಬರುತ್ತದೆ. ನನ್ನ ಅಮ್ಮ ತಿಂಗಳಿಗೊಮ್ಮೆ ಹಣೆಗೆ ಶುಂಠಿ ಅರೆದು ಹಚ್ಚಿಕೊಂಡು, ಸೀರೆಯ ಸೆರಗಿನಿಂದ ತಲೆ ಬಿಗಿದು, ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದರು. ಅಜ್ಜಿಯೂ ಅಷ್ಟೇ ಎಂದು ಹೇಳುತ್ತಿದ್ದರು.

ಈಗ ಹಬ್ಬದ ಬೆಳಗನ್ನು ನೋಡಿ. ಹಿಂದಿನ ರಾತ್ರಿ ಹೂರಣ ರುಬ್ಬಿ, ಕಳಶಕ್ಕೆ ಸೀರೆ ಉಡಿಸಿ, ಮಲಗಿದ್ದು ಹನ್ನೆರಡಕ್ಕೆ, ಎದ್ದಿದ್ದು ನಾಲ್ಕಕ್ಕೆ. ಮೊದಲ ಹಳ್ಳ ತುಂಬಿತು. ಎದ್ದವರು ಬಿಸಿ ಬಿಸಿ ನೀರಲ್ಲಿ ತಲೆಗೆ ಎರೆದುಕೊಂಡು, ಒದ್ದೆ ಕೂದಲನ್ನೇ ಬಿಗಿದು ಗಂಟು ಹಾಕಿಕೊಂಡು ಅಡುಗೆಮನೆಗೆ ಹೋಗುತ್ತಾರೆ. ತಲೆಗೆ ಸ್ನಾನ ಮಾಡಿದರೆ ತಲೆನೋವು ಬರುತ್ತದೆ ಎಂದಾಗ ನಗುವ ಡಾಕ್ಟರುಗಳನ್ನು ನಾನು ಕಂಡಿದ್ದೇನೆ, ಯಾಕೆಂದರೆ ವಿದೇಶದ ಪುಸ್ತಕಗಳಲ್ಲಿ ಅದು ಇರಲಿಲ್ಲ. ಮುಂಬೈನ ವೈದ್ಯ ಕೆ. ರವಿಶಂಕರ್ ಇಂಥ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ತಲೆನೋವಿನ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಹೆಂಗಸರು ತಲೆತಲಾಂತರದಿಂದ ಹೇಳುತ್ತ ಬಂದದ್ದು ಆಗ ವೈದ್ಯಶಾಸ್ತ್ರಕ್ಕೆ ಕೇಳಿಸಿತು.

ಮೂರನೆಯದು ಕಾಫಿ. ದಿನವೂ ಆರಕ್ಕೆ ಮೊದಲ ಲೋಟ ಕುಡಿಯುವವರು ಪೂಜೆ ಮುಗಿಯುವವರೆಗೆ ಮುಟ್ಟುವುದಿಲ್ಲ. ದಿನವೂ ಕಾಫಿ ಕುಡಿದು ಒಗ್ಗಿದ ತಲೆ, ಕೊನೆಯ ಲೋಟ ಕುಡಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ತನ್ನ ಬಾಕಿ ಕೇಳತೊಡಗುತ್ತದೆ. ಹಿಂದಿನ ದಿನ ಸಂಜೆ ಐದಕ್ಕೆ ಕುಡಿದದ್ದಾದರೆ ಹಬ್ಬದ ಬೆಳಗ್ಗೆ ಹತ್ತರ ಹೊತ್ತಿಗೆ ಹದಿನೇಳು ಗಂಟೆಯಾಯಿತು. ನಾಲ್ಕನೆಯದು ಉಪವಾಸ, ಇದು ಎಲ್ಲಕ್ಕಿಂತ ದೊಡ್ಡ ಹಳ್ಳ. ಯಹೂದಿಗಳು ಯೋಮ್ ಕಿಪ್ಪುರ್ ದಿನ ಸುಮಾರು 25 ಗಂಟೆ ಅನ್ನ ನೀರು ಎರಡನ್ನೂ ಬಿಡುತ್ತಾರೆ. ಇಸ್ರೇಲಿನ ವೈದ್ಯರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಂದು ಉಪವಾಸ ಮಾಡಿದ ಆಸ್ಪತ್ರೆ ನೌಕರರಲ್ಲಿ ನೂರಕ್ಕೆ 39 ಮಂದಿಗೆ ತಲೆನೋವು ಬಂದಿತ್ತು, ಮಾಡದವರಲ್ಲಿ 7 ಮಂದಿಗೆ ಮಾತ್ರ. ರಂಜಾನ್ ಶುರುವಾದ ಮೊದಲ ವಾರ ನನ್ನ ಕ್ಲಿನಿಕ್ಕಿಗೆ ಬರುವ ತಲೆನೋವುಗಳದ್ದೂ ಇದೇ ಕಥೆ. ದೇವರು ಬೇರೆ ಬೇರೆಯಾದರೂ ಹಸಿದ ತಲೆ ಒಂದೇ.

ಇನ್ನೂ ಮುಗಿದಿಲ್ಲ. ಸಾಂಬ್ರಾಣಿ ಹೊಗೆ, ಊದುಬತ್ತಿ, ಮಲ್ಲಿಗೆಯ ಗಾಢ ವಾಸನೆ, ಕಾವಲಿ ಮುಂದೆ ನಿಂತು ಒಬ್ಬಟ್ಟು ಬೇಯಿಸುವ ಝಳ. ಜೊತೆಗೆ, ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ. ಹಬ್ಬಕ್ಕೆ ಮುಟ್ಟು ಅಡ್ಡ ಬರಬಾರದೆಂದು ಎಷ್ಟೋ ಹೆಂಗಸರು ಮೆಡಿಕಲ್ ಶಾಪಿನಿಂದ ಮುಂದೂಡುವ ಮಾತ್ರೆ ತಂದು ನುಂಗುತ್ತಾರೆ. ಆ ಮಾತ್ರೆಗೂ ತಲೆನೋವು ಒಂದು ಅಡ್ಡ ಪರಿಣಾಮ. ಮಾತ್ರೆ ಇಲ್ಲದಿದ್ದರೂ, ಮುಟ್ಟಿಗೆ ಎರಡು ದಿನ ಮೊದಲು ಈಸ್ಟ್ರೋಜನ್ ಇಳಿಯುವಾಗ ಮೈಗ್ರೇನಿಗೆ ದಾರಿಯಾಗುತ್ತದೆ. ಹುಡುಗ ಹುಡುಗಿಯರಲ್ಲಿ ಸಣ್ಣ ವಯಸ್ಸಿನಲ್ಲಿ ಸರಿಸುಮಾರು ಸಮನಾಗಿರುವ ಮೈಗ್ರೇನ್, ದೊಡ್ಡವರಾದ ಮೇಲೆ ಹೆಂಗಸರಲ್ಲಿ ಎರಡು ಮೂರು ಪಟ್ಟಾಗುವುದಕ್ಕೆ ಈ ಏರಿಳಿತವೇ ಮುಖ್ಯ ಕಾರಣ.

ಹೀಗೆ ಐದಾರು ಹಳ್ಳಗಳು ಒಂದೇ ಬೆಳಗ್ಗೆ ಕೆರೆಗೆ ಬಂದು ಬಿದ್ದ ಮೇಲೆ, ನೈವೇದ್ಯವಾಗಿ ಮೊದಲು ಬಾಯಿಗಿಟ್ಟದ್ದು ಕೋಸಂಬರಿ ಎಂದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ ತಲೆ ಸಿಡಿಯುತ್ತದೆ. ಅಂದಿನಿಂದ ಆ ಮನೆಯಲ್ಲಿ ಕೋಸಂಬರಿಗೆ ಬಹಿಷ್ಕಾರ.

ನಗೆಯಾಡುತ್ತಿಲ್ಲ. ಹೀಗೆ ಒಂದೊಂದೇ ಬಿಡುತ್ತ ಹೋಗಿ ತಿಳಿಸಾರು ಅನ್ನಕ್ಕೆ ಬಂದು ನಿಂತವರನ್ನು ನೋಡಿದ್ದೇನೆ. ಇಲ್ಲಿ ಇನ್ನೊಂದು ತಿರುವಿದೆ, ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಮೈಗ್ರೇನ್ ಶುರುವಾಗುವುದು ನೋವಿನಿಂದಲ್ಲ. ನೋವಿಗೆ ಎಷ್ಟೋ ಗಂಟೆ ಮೊದಲು, ಕೆಲವರಲ್ಲಿ ಒಂದೆರಡು ದಿನ ಮೊದಲೇ ಮಿದುಳಿನ ಆಳದಲ್ಲಿ ಅದು ಎದ್ದಿರುತ್ತದೆ. ಆಗ ಆಕಳಿಕೆ ಮೇಲೆ ಆಕಳಿಕೆ ಬರುತ್ತದೆ, ಸುಮ್ಮಸುಮ್ಮನೆ ಸಿಡುಕು, ಪದೇಪದೇ ಮೂತ್ರ, ಕತ್ತು ಹಿಡಿದ ಹಾಗೆ, ಸಿಹಿ ತಿನ್ನಬೇಕೆಂಬ ಚಪಲ, ಬೆಳಕು ಎಂದಿಗಿಂತ ಚುಚ್ಚುತ್ತದೆ. ಚಪಲಕ್ಕೆ ಸೋತು ಚಾಕಲೇಟು ತಿಂದವರು ನೋವು ಬಂದಾಗ ಚಾಕಲೇಟಿನಿಂದ ಬಂತು ಎನ್ನುತ್ತಾರೆ. ನಿಜಕ್ಕೂ ಚಾಕಲೇಟು ತಿನ್ನಿಸಿದ್ದೇ ಮೈಗ್ರೇನ್. ಬಿಸಿಲು ಚುಚ್ಚಿದ್ದರಿಂದ ಬಂತು ಎನ್ನುವವರಿಗೂ ಎಷ್ಟೋ ಸಲ ಬಿಸಿಲು ಚುಚ್ಚಿದ್ದು ಮೈಗ್ರೇನ್ ಆಗಲೇ ಬಂದಿದ್ದರಿಂದ. ಕೋಪನ್‌ಹೇಗನ್‌ನ ಸಂಶೋಧಕರು 2013ರಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಖರ ಬೆಳಕಿನಿಂದ, ಬಿರುಸಿನ ವ್ಯಾಯಾಮದಿಂದ ನನಗೆ ಕಣ್ಣೆದುರು ಗೆರೆ ಬರುವ ಮೈಗ್ರೇನ್ ಬಂದೇ ಬರುತ್ತದೆ ಎನ್ನುತ್ತಿದ್ದ 27 ಮಂದಿಯನ್ನು ಕರೆಸಿ, ಅದೇ ಬೆಳಕಿಗೆ, ಅದೇ ವ್ಯಾಯಾಮಕ್ಕೆ ಒಡ್ಡಿದರು. ಗೆರೆಯ ಮೈಗ್ರೇನ್ ಬಂದದ್ದು ಮೂವರಿಗೆ. ಇನ್ನು ಮೂವರಿಗೆ ಗೆರೆಯಿಲ್ಲದ ಮೈಗ್ರೇನ್ ಬಂತು. ಉಳಿದ 21 ಮಂದಿ ಬೆವರು ಒರೆಸಿಕೊಂಡು ಮನೆಗೆ ಹೋದರು.

ಕತ್ತುನೋವಿನ ಕಥೆ ಇನ್ನೂ ದುಬಾರಿ. ಮೈಗ್ರೇನಿಗೆ ಮೊದಲು ಕತ್ತು ಹಿಡಿಯುವುದು ಸಾಮಾನ್ಯ. ಅದನ್ನು ನೋಡಿ ಎಕ್ಸ್-ರೇ ತೆಗೆಸುತ್ತಾರೆ. ನಲವತ್ತು ದಾಟಿದವರ ಕತ್ತಿನ ಮೂಳೆಯಲ್ಲಿ ಒಂದಿಷ್ಟು ಸವೆತ ಇದ್ದೇ ಇರುತ್ತದೆ, ತಲೆನೋವಿರಲಿ ಇಲ್ಲದಿರಲಿ. ಅಲ್ಲಿಗೆ "ಸರ್ವೈಕಲ್" ಎಂಬ ಹಣೆಪಟ್ಟಿ ಬಿತ್ತು, ಕತ್ತಿಗೆ ಕಾಲರ್ ಬಂತು, ಮೈಗ್ರೇನ್ ಹಾಗೇ ಉಳಿಯಿತು. "ಸೈನಸ್" ಎಂಬುದೂ ಇಂಥದೇ ಹಣೆಪಟ್ಟಿ. ಅಮೆರಿಕದಲ್ಲಿ ತಮಗೆ ಸೈನಸ್ ತಲೆನೋವು ಎಂದು ತಾವೇ ಹೇಳಿಕೊಂಡ, ಇಲ್ಲವೇ ಡಾಕ್ಟರಿಂದ ಹೇಳಿಸಿಕೊಂಡ 2,991 ಜನರನ್ನು ಸರಿಯಾಗಿ ವಿಚಾರಿಸಿದಾಗ ನೂರಕ್ಕೆ 88 ಮಂದಿಗಿದ್ದದ್ದು ಮೈಗ್ರೇನಿನ ಲಕ್ಷಣ. 2004ರ ಆ ಅಧ್ಯಯನವನ್ನು ಬೆಂಗಳೂರಿನಲ್ಲಿ ಮಾಡಿದ್ದರೆ ಲೆಕ್ಕ ಬಹಳ ಬದಲಾಗುತ್ತಿರಲಿಲ್ಲ ಎಂದು ನನ್ನ ಗುಮಾನಿ. ಬಿ.ಪಿ. ಸ್ವಲ್ಪ ಏರಿದ್ದಕ್ಕೆ ತಲೆನೋವು ಬರುವುದಿಲ್ಲ, ತಲೆನೋವಿಲ್ಲವೆಂದು ಬಿ.ಪಿ. ಮಾತ್ರೆ ನಿಲ್ಲಿಸುವುದೂ ತಪ್ಪು. ಕನ್ನಡಕ ಬದಲಿಸಿದ್ದರಿಂದ ಮೈಗ್ರೇನ್ ಹೋಗುವುದಿಲ್ಲ.

ಇನ್ನು ಮಾತ್ರೆ. ಕೊಬ್ಬರಿ ಹರಾಜಿಗೆ ಓಡಾಡುವ ವ್ಯಾಪಾರಿಯೊಬ್ಬರು ಮೂರು ವರ್ಷದ ಹಿಂದೆ ಬಂದಿದ್ದರು. "ದಿನಾ ತಲೆನೋವು ಡಾಕ್ಟ್ರಮ್ಮ, ಮಾತ್ರೆ ತಗೊಂಡ್ರೆ ಹೋಗುತ್ತೆ, ಬೆಳಗ್ಗೆ ಮತ್ತೆ ಹಾಜರು." ಎಷ್ಟು ಮಾತ್ರೆ ಯಜಮಾನ್ರೇ ಎಂದೆ. ಅಂಗಿಯ ಜೇಬಿನಿಂದ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು, ಇನ್ನೊಂದು ಜೇಬಿನಿಂದ ಇನ್ನೊಂದು. ದಿನಕ್ಕೆ ಎರಡು, ಹರಾಜಿನ ದಿನ ಮೂರು, ಹೀಗೆ ಆರು ವರ್ಷ. ಅವರ ತಲೆನೋವಿಗೆ ಆಗ ಕಾರಣವಾಗಿದ್ದದ್ದು ಆ ಮಾತ್ರೆಯೇ. ಮೊದಲೇ ತಲೆನೋವಿನ ಗುಣವಿರುವವರು ತಿಂಗಳಲ್ಲಿ ಹದಿನೈದು ದಿನ ಅಥವಾ ಹೆಚ್ಚು ಸಾದಾ ನೋವಿನ ಮಾತ್ರೆ, ಇಲ್ಲವೇ ಹತ್ತು ದಿನ ಅಥವಾ ಹೆಚ್ಚು ಕೆಫೀನ್ ಮುಂತಾದವು ಬೆರೆತ ಮಾತ್ರೆಯನ್ನೋ ಮೈಗ್ರೇನಿನ ಟ್ರಿಪ್ಟಾನನ್ನೋ ಮೂರು ತಿಂಗಳು ಮೀರಿ ನುಂಗಿದರೆ, ಮಾತ್ರೆಯ ಗುಣ ಇಳಿದಾಗಲೆಲ್ಲ ತಲೆ ನೋಯತೊಡಗುತ್ತದೆ. ನಿಮ್ಹಾನ್ಸ್ ಅಧ್ಯಯನದಲ್ಲಿ ಇಂಥವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಸಣ್ಣ ಸಂಖ್ಯೆ ಎನಿಸಬಹುದು, ತಿಪಟೂರಿನಂಥ ಊರಿಗೆ ನೂರಾರು ಜನ. ಯಜಮಾನರಿಗೆ ಮಾತ್ರೆ ನಿಲ್ಲಿಸಿದ ಮೊದಲ ಹತ್ತು ದಿನ ನರಕ. ಆಮೇಲೆ, ಆರು ವರ್ಷದ ಹಿಂದೆ ಇದ್ದ ಹಳೆಯ ಮೈಗ್ರೇನ್ ಮಾತ್ರ ಉಳಿಯಿತು. ತಿಂಗಳಿಗೆ ಮೂರು ಸಲ.

ಮಾತ್ರೆಯೇ ಬೇಡ ಎಂದು ಹೇಳುತ್ತಿಲ್ಲ. ನಮ್ಮಲ್ಲಿ ಇನ್ನೊಂದು ಜಾತಿಯವರಿದ್ದಾರೆ, ತಡೆದು ತಡೆದು, ವಾಂತಿ ಶುರುವಾದ ಮೇಲೆ ಅರ್ಧ ಮಾತ್ರೆ ನುಂಗುವವರು. ಮೈಗ್ರೇನಿನಲ್ಲಿ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ತಡವಾಗಿ ನುಂಗಿದ್ದು ಅಲ್ಲೇ ಕೂರುತ್ತದೆ. ನೋವು ಸಣ್ಣದಿರುವಾಗಲೇ ಡಾಕ್ಟರು ಹೇಳಿದಷ್ಟು ಪೂರ್ತಿ ಮಾತ್ರೆ, ವಾರಕ್ಕೆ ಎರಡು ದಿನ ಮೀರದ ಹಾಗೆ. ಅಷ್ಟರಲ್ಲಿ ಸಾಲದಾದರೆ, ಬರದಂತೆ ತಡೆಯಲು ದಿನವೂ ತೆಗೆದುಕೊಳ್ಳುವ ಔಷಧಿಗಳೇ ಬೇರೆ ಇವೆ. ಅವುಗಳಲ್ಲಿ ಹಳಬ ಪ್ರೊಪ್ರನಲಾಲ್. ಎದೆನೋವಿಗೆಂದು ಕೊಟ್ಟಾಗ ರೋಗಿಯೊಬ್ಬರ ಮೈಗ್ರೇನ್ ನಿಂತುಹೋದದ್ದು 1966ರಲ್ಲಿ ಆಕಸ್ಮಿಕವಾಗಿ ಕಂಡುಬಂತು. ಆಸ್ತಮಾ ಇರುವವರಿಗೆ ಅದು ಆಗದು, ಹಾಗಾಗಿ ಪಕ್ಕದ ಮನೆಯವರ ಚೀಟಿ ನೋಡಿ ತರುವ ಔಷಧಿ ಅದಲ್ಲ. ಅಮೃತಾಂಜನ ಹಚ್ಚಬಹುದೇ ಎಂದು ಕೇಳುವವರಿಗೆ: ಧಾರಾಳವಾಗಿ. 1893ರಿಂದ ಹಚ್ಚುತ್ತಿದ್ದಾರೆ, ಹಚ್ಚುವ ಕೈ ಇನ್ನೊಬ್ಬರದಾದರೆ ಇನ್ನೂ ಒಳ್ಳೆಯದು.

ಮಗನ ಸ್ಕ್ಯಾನಿಂಗಿಗೆ ಉತ್ತರ ಕೊಡಬೇಕು. ಹತ್ತು ವರ್ಷದಿಂದ ಒಂದೇ ರೀತಿ ಬಂದು ಹೋಗುವ ತಲೆನೋವಿಗೆ ಸ್ಕ್ಯಾನಿಂಗಿನಲ್ಲಿ ಏನೂ ಸಿಗುವುದಿಲ್ಲ, ದುಡ್ಡು ಹೋಗುತ್ತದೆ. ಆದರೆ ಕೆಲವು ತಲೆನೋವುಗಳಿಗೆ ಅಂಕಣ ಓದುತ್ತ ಕೂರಬಾರದು. ಸಿಡಿಲು ಬಡಿದ ಹಾಗೆ ಒಂದು ನಿಮಿಷದೊಳಗೆ ತುದಿಗೇರಿದ ನೋವು. ಜ್ವರದ ಜೊತೆ ಕತ್ತು ಬಗ್ಗಿಸಲಾಗದ ನೋವು. ಮಾತು ತೊದಲುವುದು, ಕೈಕಾಲು ಸೋಲುವುದು, ಎರಡೆರಡು ಕಾಣುವುದು. ತಲೆಗೆ ಪೆಟ್ಟು ಬಿದ್ದ ಮೇಲಿನದು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಹೊಸದಾಗಿ ಬಂದದ್ದು. ಐವತ್ತು ದಾಟಿದವರಲ್ಲಿ ಮೊದಲ ಬಾರಿ ಶುರುವಾದದ್ದು, ಅದರಲ್ಲೂ ತಲೆ ಬಾಚಿದರೆ, ಅಗಿದರೆ ನೋಯುವುದು. ಇವು ಅವತ್ತಿಂದವತ್ತೇ ಆಸ್ಪತ್ರೆಯ ಕೇಸು. ನಮ್ಮ ಊರುಗಳಿಗೆ ಇನ್ನೊಂದನ್ನು ಸೇರಿಸುತ್ತೇನೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದ್ದು, ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು ಬಂದರೆ ಅದು ಮೈಗ್ರೇನಲ್ಲ, ಕಾರ್ಬನ್ ಮಾನಾಕ್ಸೈಡ್. ವಾಸನೆಯಿಲ್ಲದ ವಿಷ. ಬಾಗಿಲು ತೆಗೆದು ಹೊರಗೆ ಬನ್ನಿ, ಗೀಸರನ್ನು ಬಚ್ಚಲಿಂದ ಹೊರಗೆ ಹಾಕಿಸಿ.

ಕಡೂರಿನ ಓದುಗರೇ, ನಿಮ್ಮ ನಾಲ್ಕು ಪುಟದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಕಾಣಿಸಿದ್ದು, ಮೈಗ್ರೇನ್ ಇರುವ ಒಂದು ತಲೆ, ಅದರ ಮೇಲೆ ಪ್ರತಿ ಶುಕ್ರವಾರ ಒಟ್ಟಿಗೇ ಬಿಡುವ ಐದು ಹಳ್ಳಗಳ ನೀರು. ಎಲ್ಲವನ್ನೂ ಕಟ್ಟಿಹಾಕಬೇಕಿಲ್ಲ, ಎರಡನ್ನು ತಿರುಗಿಸಿದರೂ ಕೋಡಿ ಬೀಳದಿರಬಹುದು. ಗುರುವಾರ ಸಂಜೆಯೇ ತಲೆಗೆ ಎರೆದುಕೊಂಡು ಕೂದಲು ಒಣಗಿಸಿಕೊಳ್ಳಿ, ಶುಕ್ರವಾರ ಮೈಗೆ ಮಾತ್ರ ನೀರು ಹಾಕಿಕೊಂಡರೆ ಮಡಿಗೆ ಭಂಗವೇನೆಂದು ನಿಮ್ಮತ್ತೆಯವರನ್ನೇ ಕೇಳಿ ನೋಡಿ, ಅವರಿಗೂ ತಲೆನೋವು ಇದ್ದಿದ್ದರೆ ಒಪ್ಪುತ್ತಾರೆ. ಉಪವಾಸದವರಿಗೂ ಹಾಲು ಹಣ್ಣು ವರ್ಜ್ಯವಲ್ಲ. ಎದ್ದ ಅರ್ಧ ಗಂಟೆಯೊಳಗೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಹೊಟ್ಟೆಗಿರಲಿ. ಹಾಲಿಗೆ ಎರಡು ಚಮಚ ಡಿಕಾಕ್ಷನ್ ಬಿದ್ದರೆ ಲಕ್ಷ್ಮಿ ಮುನಿಸಿಕೊಳ್ಳುವುದಿಲ್ಲವೆಂದು ನನ್ನ ಸ್ವಂತ ಅನುಭವ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ತಲೆನೋವು ಬಂದ ದಿನಕ್ಕೊಂದು ಗುಂಡು ಸುತ್ತಿ, ಮಾತ್ರೆ ನುಂಗಿದ ದಿನಕ್ಕೊಂದು ಗೆರೆ ಎಳೆಯಿರಿ, ಮುಟ್ಟಾದ ದಿನ ಗುರುತು ಮಾಡಿ. ಮೂರು ತಿಂಗಳಾದ ಮೇಲೆ ಆ ಹಾಳೆಗಳನ್ನು ಹರಿದು ನಿಮ್ಮ ಊರಿನ ಡಾಕ್ಟರ ಮುಂದೆ ಇಡಿ, ಸ್ಕ್ಯಾನಿಂಗ್ ಹೇಳದ್ದನ್ನು ಅವು ಹೇಳುತ್ತವೆ. ನನಗೂ ಒಂದು ಸಾಲು ಬರೆದು ತಿಳಿಸಿ. ನಾಲ್ಕು ಪುಟವಾದರೂ ಅಡ್ಡಿಯಿಲ್ಲ.